ಗದ್ದೆಪ್ಪ ಆರಿಸಿದ ಗಿಳಿ

ಲವ್ ಬರ್ಡ್ಸ್ ಬೇಕೇ ಬೇಕೆಂದು ಎರಡು ಹೊತ್ತು ಊಟ ಬಿಟ್ಟು, ಅಪ್ಪನಿಂದ ಪಂಜರದ ಸಮೇತ ತರಿಸಿಕೊಂಡ ಮೇಘಾ ಅವುಗಳನ್ನು ಸರಿಯಾಗಿ ಹದಿನೇಳು ದಿನ ನೋಡಿಕೊಂಡಳು. ಹದಿನೆಂಟನೆಯ ದಿನ ಅವಳಿಗೆ ಶಾಲೆಯಲ್ಲಿ ಪರೀಕ್ಷೆ ಬಂತು, ಪರೀಕ್ಷೆ ಮುಗಿದ ಮೇಲೆ ನೆಗಡಿ ಬಂತು, ನೆಗಡಿ ಹೋದ ಮೇಲೆ ಗೆಳತಿಯ ಮನೆಗೆ ಬೆಕ್ಕಿನ ಮರಿ ಬಂತು. ಪಂಜರದ ತಟ್ಟೆ ತೊಳೆಯುವ ಕೆಲಸ ಅವಳ ತಾಯಿ ಉಮಾದೇವಿಯ ಕೊರಳಿಗೆ ಬಿತ್ತು. ಮಕ್ಕಳು ಆಸೆಪಟ್ಟು ತರಿಸಿದ ಜೀವಗಳೆಲ್ಲ ಕೊನೆಗೆ ತಾಯಂದಿರ ಕೊರಳಿಗೇ ಬೀಳುವುದು, ಇದರಲ್ಲಿ ಹೊಸದೇನೂ ಇಲ್ಲ. ಆದರೆ ಬೈದುಕೊಳ್ಳುತ್ತ ತೊಳೆಯಲು ಕೂತ ಉಮಾದೇವಿ ತಿಂಗಳೊಪ್ಪತ್ತಿನಲ್ಲಿ ಚಹಾದ ಲೋಟ ಹಿಡಿದು ಅವುಗಳ ಮುಂದೆಯೇ ಕೂರುವ ಹಾಗಾದಳು. ಎರಡಿದ್ದ ಹಕ್ಕಿ ನಾಲ್ಕು ವರ್ಷದಲ್ಲಿ ಆರಾದವು.

ಉಮಾದೇವಿ ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸು. ಅವಳ ಕೆಲಸದಲ್ಲಿ ಅರ್ಧ ಕೆಲಸ ಉಸಿರು ಎಣಿಸುವುದು. ಕೂಸಿನ ಅಂಗಿ ಮೇಲೆತ್ತಿ, ಪಕ್ಕೆ ಒಳಗೆ ಎಳೆಯುತ್ತದೆಯೋ ಹೇಗೆ ನೋಡುತ್ತ, ಗಡಿಯಾರದ ಮೇಲೆ ಒಂದು ಕಣ್ಣಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹನ್ನೊಂದು ವರ್ಷ ಇದನ್ನೇ ಮಾಡಿದವಳಿಗೆ ಮನೆಗೆ ಬಂದು ಹಕ್ಕಿಗಳ ಮುಂದೆ ಕೂತರೂ ಕಣ್ಣು ಸುಮ್ಮನಿರುತ್ತಿರಲಿಲ್ಲ. ಪುಕ್ಕ ಉಬ್ಬಿಸಿಕೊಂಡು ಗುಂಡಗೆ ಕೂತ ಹಕ್ಕಿ ನೋಡಲು ಮುದ್ದಾಗಿರುತ್ತದೆ, ಆದರೆ ಅದಕ್ಕೆ ಮೈಯಲ್ಲಿ ಹುಷಾರಿರುವುದಿಲ್ಲ. ಉಸಿರಿನ ಜೊತೆಗೆ ಬಾಲವೂ ಮೇಲೆ ಕೆಳಗೆ ಆಡತೊಡಗಿತೆಂದರೆ ಎದೆ ಕಟ್ಟಿದೆ ಎಂದೇ ಅರ್ಥ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡನೆಯ ವರ್ಷ ಸತ್ತ ಒಂದು ನೀಲಿ ಹಕ್ಕಿ ಕಲಿಸಿ ಹೋಗಿತ್ತು.

ಇಷ್ಟೆಲ್ಲ ಮಾಡಿದರೂ ಆ ಹಕ್ಕಿಗಳಿಗೆ ಅವಳು ಬೇಕಿರಲಿಲ್ಲ. ಜೋಡಿ ಜೋಡಿಯಾಗಿ ಕೂತು ಒಂದರ ತಲೆ ಒಂದು ಕೆರೆದುಕೊಂಡು ತಮ್ಮ ಪಾಡಿಗೆ ತಾವಿರುತ್ತಿದ್ದವು. ಇವಳು ಕೈ ಒಳಗೆ ಹಾಕಿದರೆ ಮೂಲೆ ಸೇರಿ ಚೀರುತ್ತಿದ್ದವು.

"ನಾಕು ವರ್ಷ ಕಾಳು ಹಾಕೀನಿ. ಒಂದಕ್ಕರ ನನ್ನ ಮುಖದ ಗುರ್ತು ಅದೇನು, ಕೇಳ್ರಿ?" ಎಂದು ಅವಳು ಗಂಡ ಕೃಷ್ಣನ ಮುಂದೆ ಹೇಳಿಕೊಂಡಳು.

"ಅವು ಗಂಡ ಹೆಂಡ್ತಿ ತಮ್ಮ ಸಂಸಾರ ತಾವು ಮಾಡಾಕತ್ತಾವ. ನಿನ್ನ ಮುಖ ನೋಡಾಕ ನಾ ಇಲ್ಲೇನು?" ಅಂದ ಕೃಷ್ಣ, ಮೊಬೈಲಿನಿಂದ ತಲೆ ಎತ್ತದೆ.

ಅವತ್ತೇ ಉಮಾದೇವಿಯ ತಲೆಯಲ್ಲಿ ದೊಡ್ಡ ಗಿಳಿಯ ಆಸೆ ಹೊಕ್ಕಿತು. ಡ್ಯೂಟಿ ಮುಗಿಸಿ ಬಂದರೆ ಬಾಗಿಲ ಸಪ್ಪಳಕ್ಕೇ ಗುರುತು ಹಿಡಿದು ಕೂಗುವಂಥದ್ದು, ಹೆಗಲ ಮೇಲೆ ಕೂತು ಕಿವಿಯ ಹತ್ತಿರದ ಕೂದಲು ಸರಿಮಾಡುವಂಥದ್ದು, ಇವಳೇ ಬೇಕು ಎನ್ನುವಂಥದ್ದು ಒಂದು ಬೇಕಿತ್ತು. ಆರು ತಿಂಗಳು ಓದಿದಳು, ಕೇಳಿದಳು, ಮೊಬೈಲಿನಲ್ಲಿ ನೋಡಿದಳು. ನಮ್ಮ ಹೊಲದ ಹಸಿರು ಗಿಳಿ ಹಿಡಿದು ಸಾಕುವುದು ಅಪರಾಧ. ಹಾಗಾಗಿ ಆಫ್ರಿಕಾದ ಬೂದು ಗಿಳಿ ಎಂದು ನಿಕ್ಕಿ ಮಾಡಿದಳು. ಮೈಯೆಲ್ಲ ಬೂದು ಬಣ್ಣ, ಬಾಲ ಮಾತ್ರ ಕೆಂಪು. ಐವತ್ತು ವರ್ಷ ಬದುಕುವ ಹಕ್ಕಿ ಅದು.

ಮಾನ್ವಿಯಲ್ಲಿ ಮುನವ್ವರ್ ಬೀ ಎಂಬ ಹೆಂಗಸು ಮಾಳಿಗೆಯ ಮೇಲೆ ಜಾಳಿಗೆ ಕಟ್ಟಿ, ಬೇಕಾದ ಕಾಗದಪತ್ರ ಎಲ್ಲ ಮಾಡಿಸಿಕೊಂಡು ಇಂಥ ಹಕ್ಕಿಗಳನ್ನು ಮರಿ ಮಾಡಿಸುತ್ತಿದ್ದಳು. ಅವಳ ಹತ್ತಿರ ಮೂರು ಮರಿ ಇದ್ದವು. ಕೈತುತ್ತು ಬಿಡುವ ತನಕ ಕಾಯಬೇಕು, ಆಮೇಲೆ ನೀವೇ ಬಂದು ಆರಿಸಿಕೊಳ್ಳಿ ಎಂದಿದ್ದಳು. ಉಮಾದೇವಿ ಕಾಯುತ್ತ ಕೂತಿರುವಾಗಲೇ ಮಸರಕಲ್ಲಿನಿಂದ ಅವಳ ಅಪ್ಪ ಗದ್ದೆಪ್ಪ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದ.

ಗದ್ದೆಪ್ಪನ ಬಗ್ಗೆ ಎರಡು ಮಾತು ಹೇಳಲೇಬೇಕು. ದೇವದುರ್ಗದ ಸಂತೆಯಲ್ಲಿ ಕುರಿಮರಿ ಕೊಳ್ಳುವವರು ಮೊದಲು ಗದ್ದೆಪ್ಪ ಬಂದಿದ್ದಾನೋ ಎಂದು ನೋಡುತ್ತಿದ್ದರು. ತನ್ನ ಹಿಂಡನ್ನು ಅಣ್ಣನ ಮಕ್ಕಳಿಗೆ ಬಿಟ್ಟುಕೊಟ್ಟು ಆರು ವರ್ಷವಾಗಿತ್ತು. ಆದರೂ ಸಂತೆ ತಪ್ಪಿಸಿದವನಲ್ಲ. ಊರಿನವರು ಅವನನ್ನು ಟಂಟಂ ಆಟೋದಲ್ಲಿ ಕೂರಿಸಿಕೊಂಡು ಹೋಗಿ, ಚಹಾ ಕುಡಿಸಿ, "ಗದ್ದೆಪ್ಪಣ್ಣ, ನೋಡಪ" ಅನ್ನುತ್ತಿದ್ದರು. ಅವನು ಮರಿಗಳ ಹತ್ತಿರ ಹೋಗುತ್ತಿರಲಿಲ್ಲ. ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ಬೇರೆ ಎಲ್ಲೋ ನೋಡುತ್ತ ಹೊಗೆಸೊಪ್ಪು ತಿಕ್ಕುತ್ತಿದ್ದ. ಬೆದರಿ ಓಡಾಡಿ ಒದರುವ ಮರಿ ಅವನಿಗೆ ಬೇಡ, ನಾಳೆ ನಾಯಿ ಬೊಗಳಿದರೆ ಅದು ಇಡೀ ಹಿಂಡನ್ನೇ ರಸ್ತೆಗೆ ಎಳೆದೊಯ್ಯುತ್ತದೆ. ಗದ್ದಲದ ನಡುವೆ ಕೂತಲ್ಲೇ ಕೂತು ತಣ್ಣಗೆ ನೋಡುವ ಮರಿ ಬೇಕು. ಅದು ಕಂಡ ಮೇಲೆಯೇ ಎದ್ದು ಹೋಗಿ ಬೆನ್ನು ಸವರಿ, ಕೆಳರೆಪ್ಪೆ ಎಳೆದು ಒಳಗಿನ ಕೆಂಪು ನೋಡುತ್ತಿದ್ದ. ಅವನು ಬಾಯಿ ಬಿಟ್ಟು ಇದು ಎಂದರೆ ಅಲ್ಲಿಗೆ ಮುಗಿಯಿತು.

ಇಂಥ ಮನುಷ್ಯ ರಾಯಚೂರಿನ ಮನೆಯಲ್ಲಿ ಒಂದು ತಿಂಗಳು ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದ ಮೂಲೆಯಲ್ಲಿ ಕೂತ. ಮುಖಕ್ಕೆ ನೀರು ತಾಗಿಸಬೇಡ, ಬಗ್ಗಬೇಡ, ಹೊಗೆಸೊಪ್ಪು ಬೇಡ, ಕೆಮ್ಮಬೇಡ ಎಂದು ಮಗಳು ಬೇಡಗಳ ಪಟ್ಟಿಯನ್ನೇ ಓದುತ್ತಿದ್ದಳು. ಅವನು ಪಲ್ಯಕ್ಕೆ ಒಗ್ಗರಣೆ ಹೇಗೆ ಹಾಕಬೇಕು, ಮೇಘಾಳ ಸೈಕಲ್ ಎಲ್ಲಿ ನಿಲ್ಲಿಸಬೇಕು ಎಂದೆಲ್ಲ ಹೇಳುತ್ತಿದ್ದ. ಎಲ್ಲರೂ "ಹೂಂ ಯಪ್ಪಾ", "ಹೂಂ ತಾತಾ" ಎಂದು ತಮಗೆ ಬೇಕಾದ್ದು ಮಾಡಿಕೊಳ್ಳುತ್ತಿದ್ದರು. ಮೂವತ್ತು ದಿನದಲ್ಲಿ ಒಬ್ಬರೂ ಅವನನ್ನು ಒಂದು ಮಾತೂ ಕೇಳಲಿಲ್ಲ. ಮುದುಕ ದಿನದಿಂದ ದಿನಕ್ಕೆ ಸೋಫಾದಲ್ಲಿ ಸಣ್ಣವನಾಗುತ್ತಿರುವುದು ಉಮಾದೇವಿಗೆ ಕಾಣುತ್ತಿತ್ತು. ಡಾಕ್ಟರು ಕೊನೆಯ ಸಲ ನೋಡಿ ಕಣ್ಣು ಬಹಳ ಚೆನ್ನಾಗಿದೆ ಎಂದ ದಿನವೇ ಮುನವ್ವರ್ ಬೀಯ ಫೋನು ಬಂತು.

"ಯಪ್ಪಾ, ನಾಳಿ ಮಾನ್ವಿಗೆ ಹೋಗೂಣೇನು? ಗಿಳಿ ನೀನಾ ಆರಿಸಿಕೊಡಬೇಕು" ಅಂದಳು ಉಮಾದೇವಿ.

ಗದ್ದೆಪ್ಪ ಮೊದಲು ನಕ್ಕ. "ಗಿಳಿ ತರಾಕ ಮಾನ್ವಿಗ್ಯಾಕ ಹೋಗಬೇಕಬೇ? ನಮ್ಮ ಜ್ವಾಳದ ಹೊಲದಾಗ ಬೇಕಾದಷ್ಟು ಅದಾವ" ಅಂದ. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋಗಿ ತನ್ನ ಹಳದಿ ರುಮಾಲು ಎಲ್ಲಿಟ್ಟಿದ್ದೀರಿ ಎಂದು ಕೇಳಿದ. ಅದನ್ನು ತಾನೇ ಒಗೆದು ಒಣಹಾಕಿದ.

ಮುನವ್ವರ್ ಬೀಯ ಮಾಳಿಗೆ ಸ್ವಚ್ಛವಾಗಿತ್ತು. ಐವತ್ತರ ಹೆಂಗಸು, ಕೈಯ ಮೇಲೆಲ್ಲ ಕೊಕ್ಕಿನ ಗಾಯದ ಹಳೆಯ ಗೆರೆಗಳು. ಒಂದು ಉದ್ದನೆಯ ಕೋಲಿನ ಮೇಲೆ ಮೂರೂ ಮರಿ ಕೂತಿದ್ದವು. ಹೊಸಬರು ಬಂದದ್ದೇ ತಡ, ಈ ಕಡೆಯದು ಕೋಲಿನ ತುದಿಗೆ ಓಡಿ ರೆಕ್ಕೆ ಬಡಿಯಿತು. ನಡುವಿನದು ಕತ್ತು ಉದ್ದ ಮಾಡಿ, ಒಂದು ಕಾಲೆತ್ತಿ, ಉಮಾದೇವಿಯ ಬ್ಯಾಗಿನ ಝಿಪ್ಪು ನೋಡುತ್ತ ಚೀರಿತು. ಆ ಕಡೆಯದು ಕೂತಲ್ಲೇ ಕೂತಿತ್ತು. ಗದ್ದೆಪ್ಪ ಗೋಡೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಟ್ಯಾಂಕಿನ ಕಡೆ ನೋಡತೊಡಗಿದ.

"ಅಜ್ಜಾರ, ಹಕ್ಕಿ ಈ ಕಡಿ ಅದಾವ್ರಿ" ಅಂದಳು ಮುನವ್ವರ್ ಬೀ.

"ಗೊತ್ತದ ಬೀಬಿ. ನಿಮ್ಮ ಕೆಲಸ ನೀವು ಮಾಡ್ರಿ" ಅಂದ ಗದ್ದೆಪ್ಪ.

ಹತ್ತು ನಿಮಿಷ ಹಾಗೇ ಕೂತ. ಉಮಾದೇವಿಗೆ ನಗು ಬಂತು, ನಗುವಿನ ಜೊತೆ ಹೆಮ್ಮೆಯೂ ಬಂತು. ಸಣ್ಣವಳಿದ್ದಾಗ ಸಂತೆಯಲ್ಲಿ ಅಪ್ಪ ಹೀಗೆ ಕೂತಾಗ ಸುತ್ತ ನಿಂತ ಗಂಡಸರು ಬೀಡಿ ಹಚ್ಚುವುದನ್ನೂ ಮರೆಯುತ್ತಿದ್ದುದು ಅವಳಿಗೆ ನೆನಪಿತ್ತು. ಕೊನೆಗೆ ಗದ್ದೆಪ್ಪ ಎದ್ದು, ಕಪ್ಪು ಕನ್ನಡಕ ಹಣೆಗೇರಿಸಿ, ಸುಮ್ಮನೆ ಕೂತಿದ್ದ ಮರಿಯ ಬೆನ್ನ ಮೇಲೆ ಎರಡು ಬೆರಳು ಆಡಿಸಿದ. ಅದು ಕದಲಲಿಲ್ಲ.

"ಇದು" ಅಂದ.

"ಅಜ್ಜಾರ, ಅದು ಸ್ವಲ್ಪ ಸುಸ್ತು ಅದರಿ" ಅಂದಳು ಮುನವ್ವರ್ ಬೀ. "ನಿನ್ನಿಯಿಂದ ಕಾಳೂ ಕಮ್ಮಿ ತಿನ್ನಾಕತ್ತದ. ನಾನಾ ನಿಮಗ ಹೇಳಾಕಿದ್ದೆ. ನಡಕಿಂದು ಬೇಸು ಅದ, ಅದನ್ನ ಒಯ್ರಿ. ಇಲ್ಲಂದ್ರ ಇದನ್ನ ಹದಿನೈದು ದಿನ ನನ್ನತ್ರಾನಾ ಬಿಡ್ರಿ."

ಅಷ್ಟು ಹೇಳಿದ್ದೇ ತಪ್ಪಾಯಿತು. ಗದ್ದೆಪ್ಪನ ಮುಖ ಅರಳಿತು. ಮಗಳನ್ನು ಟ್ಯಾಂಕಿನ ಹಿಂದಕ್ಕೆ ಕರೆದೊಯ್ದು, "ಕೇಳಿದೇನು?" ಎಂದು ಪಿಸುಗುಟ್ಟಿದ. "ಮಾರಾಟ ಆಗಲಾರದ್ದನ್ನ ಹೊಗಳ್ತಾರ, ತಾವು ಇಟ್ಕೊಳ್ಳೋದನ್ನ ಹಳೀತಾರ. ಐವತ್ತು ವರ್ಷ ಸಂತ್ಯಾಗ ಇದನ್ನಾ ನೋಡೀನಿ. ಅಕಿಗೆ ಆ ಮರಿ ಬಿಡಾಕ ಮನಸಿಲ್ಲ. ಅದಕಾ ಹಳ್ಯಾಕತ್ಯಾಳ. ಏನಂತಿ?"

ಉಮಾದೇವಿ ತಿರುಗಿ ನೋಡಿದಳು. ಮರಿಯ ಪುಕ್ಕ ಉಬ್ಬಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಕೆಂಪು ಬಾಲ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು. ಬೇಕೆಂದು ಎಣಿಸಲಿಲ್ಲ, ಆದರೂ ಎಣಿಸಿದಳು. ವಾರ್ಡಿನಲ್ಲಿ ಇಂಥ ಉಸಿರಿನ ಕೂಸು ಬಂದರೆ ಅವಳು ಡಾಕ್ಟರನ್ನು ಕೂಗುತ್ತ ಓಡುತ್ತಿದ್ದಳು.

ಹೇಳಬೇಕಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಆಮೇಲೆ ಅವಳು ನೂರು ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ. ಒಂದು ತಿಂಗಳು ಸೋಫಾದಲ್ಲಿ ಮುದುಡಿದ್ದ ಅಪ್ಪ ಇವತ್ತು ಬೆನ್ನು ನೆಟ್ಟಗೆ ಮಾಡಿ ನಿಂತಿದ್ದ, ಅದು ಒಂದು. ಓದಲು ಹೋದಾಗಿನಿಂದ ಅವಳು ಅವನ ಮಾತಿಗೆ ಎದುರು ಹೇಳುತ್ತಲೇ ಬಂದಿದ್ದಳು, ಒಂದು ಸಲವಾದರೂ ಹೇಳದಿದ್ದರೆ ಏನಾದೀತು ಅನ್ನಿಸಿತು, ಅದು ಇನ್ನೊಂದು. ಮೂರನೆಯದು ಇತ್ತು, ಅದನ್ನು ಒಪ್ಪಿಕೊಳ್ಳಲು ಅವಳಿಗೆ ನಾಚಿಕೆ. ನಾನು ನರ್ಸು, ಮನೆಗೊಯ್ದು ನಾಲ್ಕು ದಿನ ಔಷಧ ಹಾಕಿದರೆ ಸರಿಹೋಗುತ್ತದೆ, ಅಪ್ಪನಿಗೆ ಗೊತ್ತೂ ಆಗುವುದಿಲ್ಲ ಎಂಬ ಜಂಬ.

"ನೀ ಹೇಳಿದ ಮ್ಯಾಲ ಮುಗೀತು ಯಪ್ಪಾ. ಅದಾ ಇರಲಿ" ಅಂದಳು.

ಗದ್ದೆಪ್ಪ ಸಂತೆಯ ಅಭ್ಯಾಸದಂತೆ ಬೆರಳು ಹಿಡಿದು ಬೆಲೆ ಕುದುರಿಸಲು ರುಮಾಲಿನ ಮರೆಯಲ್ಲಿ ಕೈ ಚಾಚಿದ. ಎದುರಿಗಿದ್ದದ್ದು ಹೆಂಗಸು ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡು ಕೈ ಹಿಂದೆ ತೆಗೆದ. ಮುನವ್ವರ್ ಬೀ ನಗಲಿಲ್ಲ. ಉಮಾದೇವಿಯನ್ನೇ ಒಂದು ಥರ ನೋಡಿದಳು. "ಬೇಟಿ, ನಿಮಗ ಹಕ್ಕಿ ಸಾಕಿ ಗೊತ್ತದ ಅಲ್ರಿ?" ಎಂದಷ್ಟೇ ಕೇಳಿದಳು. ಉಮಾದೇವಿ ಬ್ಯಾಗಿನಲ್ಲಿ ಏನೋ ಹುಡುಕುವವಳ ಹಾಗೆ ಮಾಡಿದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಗದ್ದೆಪ್ಪನದೇ ದರ್ಬಾರು. ತೊಡೆಯ ಮೇಲೆ ಪಂಜರ ಇಟ್ಟುಕೊಂಡು, ಹಿಂದಿನ ಸೀಟು, ಮುಂದಿನ ಸೀಟು, ಕಂಡಕ್ಟರು, ಎಲ್ಲರಿಗೂ ಕಥೆ ಹೇಳಿದ. ಮಾರುವವಳು ಹೇಗೆ ಹಳಿದಳು, ತಾನು ಹೇಗೆ ಬಗ್ಗಲಿಲ್ಲ, ಮಗಳು ದೊಡ್ಡ ದವಾಖಾನಿಯಲ್ಲಿ ನರ್ಸಿದ್ದರೂ ಹೇಗೆ ತನ್ನನ್ನೇ ಕೇಳಿದಳು. ಕೊನೆಯ ಮಾತನ್ನು ಎರಡು ಸಲ ಹೇಳಿದ. ಉಮಾದೇವಿ ಕಿಟಕಿಯ ಆಚೆ ಭತ್ತದ ಗದ್ದೆ ನೋಡುತ್ತ ಕೂತಳು.

ಮನೆಯಲ್ಲಿ ಹೊಸ ಹಕ್ಕಿಯನ್ನು, ರೋಗವಿದ್ದರೆ ಉಳಿದವಕ್ಕೆ ಹಬ್ಬದಿರಲೆಂದು, ತಿಂಗಳ ಕಾಲ ಬೇರೆ ಕೋಣೆಯಲ್ಲಿ ಇಡಬೇಕು. ಇದು ಹಕ್ಕಿ ಸಾಕುವವರ ಮೊದಲ ಪಾಠ, ಉಮಾದೇವಿ ಅದಕ್ಕಾಗಿ ಮೇಘಾಳ ಓದುವ ಕೋಣೆ ಖಾಲಿ ಮಾಡಿಸಿದ್ದಳು. ಗದ್ದೆಪ್ಪನಿಗೆ ಅದು ಸರಿಬರಲಿಲ್ಲ.

"ಹೊಸದನ್ನ ಒಂಟಿ ಹಾಕ್ತೀರೇನು? ಎದಿ ಒಡಕೊಂಡು ಸಾಯ್ತದ" ಅಂದ. "ಹಟ್ಟಿಗೆ ಮರಿ ತಂದ್ರ ನಮ್ಮ ಹಿಂಡಿನ ಹಿಕ್ಕಿ ಪುಡಿ ಮಾಡಿ ಅದರ ಬೆನ್ನಿಗೆ ಸವರಿ, ಅವತ್ತಾ ಎಲ್ಲಾದರ ಕೂಡ ಬಿಡ್ತೀವಿ. ವಾಸನಿ ಒಂದಾದ್ರ ಎಲ್ಲಾ ಒಂದಾಗ್ತಾವ."

ಹೇಳಿದವನು ಹೇಳಿ ಸುಮ್ಮನಾಗಲಿಲ್ಲ. ಸಣ್ಣ ಹಕ್ಕಿಗಳ ತಟ್ಟೆಯಿಂದ ಒಂದು ಚಿಟಿಕೆ ಒಣ ಹಿಕ್ಕೆ ಬೆರಳಲ್ಲಿ ಪುಡಿ ಮಾಡಿ, ಕೂಸಿಗೆ ಪೌಡರು ಹಚ್ಚುವಷ್ಟು ನಾಜೂಕಾಗಿ ಬೂದು ಗಿಳಿಯ ಬೆನ್ನಿಗೆ ಸವರಿದ. ಎರಡೂ ಪಂಜರ ಒಂದರ ಪಕ್ಕ ಒಂದು ಇಟ್ಟ. ಉಮಾದೇವಿ ಬಾಗಿಲಲ್ಲಿ ನಿಂತು ನೋಡಿದಳು. ಒಂದು ಸಲ ಸುಮ್ಮನಿದ್ದವರಿಗೆ ಎರಡನೆಯ ಸಲ ಬಾಯಿ ಬಿಡುವುದು ಕಷ್ಟ.

ಅವಳ ಔಷಧ ನಾಟಲಿಲ್ಲ. ನಾಲ್ಕನೆಯ ದಿನ ಗಿಳಿ ಕಾಳು ಬಿಟ್ಟಿತು. ಸಿರಿಂಜಿನಲ್ಲಿ ಗಂಜಿ ಕುಡಿಸಿದಳು. ಪಶುವೈದ್ಯರ ಹತ್ತಿರ ಒಯ್ದಳು. ಅವರು ಎದೆಗೆ ಕಿವಿಗೊಟ್ಟು ಕೇಳಿ, "ಇದು ಇವತ್ತಿನ ರೋಗ ಅಲ್ಲಮ್ಮಾ. ಹಕ್ಕಿ ಆದಷ್ಟು ದಿನ ಮುಚ್ಚಿಡ್ತದ, ಮುಚ್ಚಿಡಾಕ ಆಗಲಾರದಾಗ ಸುಮ್ನ ಕೂಡ್ತದ" ಎಂದು ಇಂಜೆಕ್ಷನ್ ಕೊಟ್ಟರು. ಒಂಬತ್ತನೆಯ ದಿನ ಸಣ್ಣ ಹಕ್ಕಿಗಳಲ್ಲಿ ಒಂದು ಸತ್ತಿತು, ಮರುದಿನ ಅದರ ಜೋಡಿ. ಗದ್ದೆಪ್ಪ ಊರಿಗೆ ಹೋಗುವುದನ್ನು ಮುಂದೂಡಿ ಪಂಜರದ ಹತ್ತಿರವೇ ಹಾಸಿಕೊಂಡ. ಹನ್ನೆರಡನೆಯ ದಿನ ಬೆಳಿಗ್ಗೆ ಉಮಾದೇವಿ ಡ್ಯೂಟಿ ಮುಗಿಸಿ ಬಂದಾಗ ಗಿಳಿ ಅವನ ಕಂಬಳಿಯ ಚುಂಗಿನಲ್ಲಿತ್ತು. ಇನ್ನೂ ಬೆಚ್ಚಗಿತ್ತು, ಉಸಿರು ಮಾತ್ರ ಇರಲಿಲ್ಲ.

"ಯಾರದೋ ಕಣ್ಣು ಬಿದ್ದದವ್ವಾ. ಬಸ್ಸಿನಾಗ ಅಷ್ಟು ಮಂದಿ ನೋಡಿದ್ರು" ಅಂದ ಗದ್ದೆಪ್ಪ.

ಹನ್ನೆರಡು ದಿನದ ನಿದ್ದೆಗೇಡು, ತನ್ನ ಮೇಲೆ ತನಗೇ ಇದ್ದ ಸಿಟ್ಟು, ಎಲ್ಲ ಒಟ್ಟಿಗೆ ಅವಳ ಬಾಯಿಗೆ ಬಂತು.

"ಕಣ್ಣೂ ಇಲ್ಲ, ಮಣ್ಣೂ ಇಲ್ಲ. ಆ ಹೆಣಮಗಳು ಬಡಕೊಂಡ್ಲು, ಜಡ್ಡದ ಅಂತ. ನೀ ಕೇಳಿದಿ? ನಿನಗ ಕುರಿ ಬಿಟ್ರ ಇನ್ನೇನ್ ಗೊತ್ತದ ಯಪ್ಪಾ? ಕುರಿ ಆರಿಸಿದಂಗ ಆರಿಸಿದಿ, ಹಿಕ್ಕಿ ಸವರಿದಿ, ಮೂರು ಜೀವ ಹೋದ್ವು!"

ಚಪ್ಪಲಿ ಬಿಡುತ್ತಿದ್ದ ಕೃಷ್ಣ ಅಲ್ಲೇ ನಿಂತ. ಮೇಘಾ ಹಲ್ಲುಜ್ಜುವುದು ಬಿಟ್ಟು ನೋಡಿದಳು. ಗದ್ದೆಪ್ಪ ಗಿಳಿಯ ಮೇಲೆ ಕಂಬಳಿ ಸರಿಮಾಡಿದ.

"ಹೌದವ್ವಾ" ಅಂದ. "ನನಗೇನ್ ಗೊತ್ತದ."

ಅವತ್ತು ಮಧ್ಯಾಹ್ನದ ದೇವದುರ್ಗದ ಬಸ್ಸಿಗೆ ಹೊರಟ. ಕೃಷ್ಣ ಎಷ್ಟು ಹೇಳಿದರೂ ನಿಲ್ಲಲಿಲ್ಲ. ಉಮಾದೇವಿ ಅಡುಗೆಮನೆಯಿಂದ ಆಚೆ ಬರಲಿಲ್ಲ. ಬಂದು ಕಾಲು ಹಿಡಿಯಬೇಕಿತ್ತು, ನಾನೂ ನೋಡಿದ್ದೆ ಎಂದು ಅಲ್ಲೇ ಹೇಳಬೇಕಿತ್ತು. ಮಾಡಲಿಲ್ಲ.

ಹದಿನೈದು ದಿನ ಬಿಟ್ಟು ಮುನವ್ವರ್ ಬೀ ಫೋನು ಮಾಡಿದಳು. ಉಮಾದೇವಿ ನಡೆದದ್ದನ್ನು ಹೇಳಿದಳು. "ನನ್ನದೂ ತಪ್ಪದ ಬೇಟಿ, ಕೊಡಬಾರದಿತ್ತು. ಅಜ್ಜಾರ ಖುಷಿ ನೋಡಿ ನನ್ನ ಬಾಯಿ ಕಟ್ಟಿತು" ಅಂದಳು. ನಡುವಿನ ಮರಿ ಇನ್ನೂ ಇದೆ, ನಿಮಗೇ ಇಟ್ಟಿದ್ದೇನೆ, ಬಂದು ಒಯ್ಯಿರಿ ಅಂದಳು. ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಉಮಾದೇವಿ ಬೇಡ ಅಂದಳು. ಅಪ್ಪ ಬೇಡವೆಂದ ಹಕ್ಕಿ ಈ ಮನೆಯಲ್ಲಿ ಐವತ್ತು ವರ್ಷ ಗಟ್ಟಿಮುಟ್ಟಾಗಿ ಕೂಗಾಡಿಕೊಂಡಿದ್ದರೆ, ಆ ಮನುಷ್ಯ ಮತ್ತೆ ಈ ಬಾಗಿಲಿಗೆ ಹೇಗೆ ಬಂದಾನು? ಉಳಿದ ನಾಲ್ಕು ಸಣ್ಣ ಹಕ್ಕಿಗಳಿಗೆ ಕಾಳು ಹಾಕಿದಳು. ಎಂದಿನಂತೆ ಅವು ಮೂಲೆ ಸೇರಿ ಚೀರಿದವು.

ಆಮೇಲೆ ಊರಿನಿಂದ ತಾಯಿ ಅಯ್ಯಮ್ಮನ ಫೋನು ಬಂತು.

"ಏನಬೇ ಉಮಾ, ಆ ಆಪರೇಷನ್ ಸರಿ ಆಗಿಲ್ಲೇನು? ನಿಮ್ಮಪ್ಪ ಸಂತಿಗೆ ಹೋಗವಲ್ಲ. ಮೂರು ಸಂತಿ ಆತು. ಬಾಜೂ ಮನಿ ತಾಯಪ್ಪ ಬಂದು ಕೈ ಹಿಡದು ಎಳದ್ರೂ ಒಲ್ಲೆ ಅಂದ. 'ನನ್ನ ಕಣ್ಣು ಹೋಗ್ಯಾದ' ಅಂತಾನ. ಮತ್ತ ನೋಡಿದ್ರ ಸೂಜ್ಯಾಗ ದಾರ ತಾನಾ ಪೋಣಸ್ತಾನ. ಏನಂತ ತಿಳೀಲಿ ನಾ?"

ಉಮಾದೇವಿ ಫೋನು ಇಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಮರುದಿನ ರಜೆ ಹಾಕಿ ದೇವದುರ್ಗದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ನಿನ್ನ ಕಣ್ಣು ಹೋಗಿಲ್ಲ, ಹಕ್ಕಿಯ ರೀತಿ ನಿನಗೆ ಗೊತ್ತಿರಲಿಲ್ಲ ಅಷ್ಟೆ. ಗೊತ್ತಿದ್ದವಳು ನಾನು. ತಪ್ಪು ನನ್ನದು. ಇಷ್ಟು ಹೇಳಿದರೆ ಅವನ ಎದೆಯ ಭಾರ ಇಳಿಯುತ್ತದೆ, ಬರುವ ಸಂತೆಗೆ ರುಮಾಲು ಸುತ್ತಿಕೊಂಡು ಹೊರಡುತ್ತಾನೆ ಎಂದು ಅವಳಿಗೆ ಖಾತ್ರಿಯಿತ್ತು. ಮಸರಕಲ್ಲಿನಲ್ಲಿ ಇಳಿದಾಗ ಕಾಲು ತಾವಾಗೇ ಬೇಗ ಬೇಗ ನಡೆದವು.

ಗದ್ದೆಪ್ಪ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಹಗ್ಗ ಹೊಸೆಯುತ್ತ ಕೂತಿದ್ದ. ಮಗಳನ್ನು ನೋಡಿ ಬಹಳ ಸಂತೋಷಪಟ್ಟ. ಬೈದದ್ದು, ಎದ್ದು ಬಂದದ್ದು ಯಾವುದೂ ನಡೆದೇ ಇಲ್ಲ ಎಂಬಂತೆ ಮೊಮ್ಮಗಳನ್ನು ವಿಚಾರಿಸಿದ, ಅಯ್ಯಮ್ಮನಿಗೆ ರೊಟ್ಟಿ ಬಡಿ ಅಂದ. ಉಮಾದೇವಿ ಅವನ ಎದುರಿಗೆ ನೆಲದ ಮೇಲೆ ಕೂತು, ಹಗ್ಗದ ಇನ್ನೊಂದು ತುದಿ ಕೈಯಲ್ಲಿ ಹಿಡಿದುಕೊಂಡು, ಒಂದೇ ಉಸಿರಿಗೆ ಎಲ್ಲ ಹೇಳಿದಳು. ಉಬ್ಬಿದ ಪುಕ್ಕ, ಬಾಲ, ತಾನು ಎಣಿಸಿದ್ದು, ಆ ನೀಲಿ ಹಕ್ಕಿ, ಎಲ್ಲ.

ಗದ್ದೆಪ್ಪನ ಕೈ ನಿಂತಿತು.

"ಅಲ್ಲೇ, ಮಾಳಿಗಿ ಮ್ಯಾಲ ನಿಂತಾಗಾ ನಿನಗ ಗೊತ್ತಾಗಿತ್ತೇನು?"

"ಗೊತ್ತಾಗಿತ್ತು ಯಪ್ಪಾ."

"ಆ ಬೀಬಿ ಖರೇನ ಹೇಳಿದ್ಲು?"

"ಖರೇನ ಹೇಳಿದ್ಲು."

"ನಾ ನಿನ್ನ ಕೇಳಿದೆ, ಏನಂತಿ ಅಂತ."

"ಕೇಳಿದಿ. ನಿನ್ನ ಮನಸಿಗೆ ನೋವಾಗ್ತದಂತ..." ಅವಳು ಹಗ್ಗದ ತುದಿ ಬಿಟ್ಟಳು. "ತಪ್ಪು ನಂದು ಯಪ್ಪಾ. ನಿಂದಲ್ಲ. ನೀ ಸಂತಿ ಬಿಡಬ್ಯಾಡ."

ಗದ್ದೆಪ್ಪ ರಸ್ತೆಯ ಕಡೆ ನೋಡಿದ. ಸಿಟ್ಟಾಗಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನಿಗೆ ಸಿಟ್ಟು ಬರಲಿಲ್ಲ.

"ತಪ್ಪು ಆಗೋದು ನನಗೇನ್ ಹೊಸದೇನವ್ವಾ?" ಅಂದ ಮೆಲ್ಲಗೆ. "ನಾ ಆರಿಸಿದ ಮರಿ ಎಷ್ಟ ಸತ್ತಾವ. ಸತ್ತಾಗೆಲ್ಲ ಮಂದಿ ಈ ಅಂಗಳಕ್ಕ ಬಂದು ಮುಖದ ಮ್ಯಾಲ ಬೈದು ಹೋಗ್ಯಾರ. ಬೈದೋರಾ ಮುಂದಿನ ಸಂತಿಗೆ ಬಂದು ಕರದಾರ. ನೀ ಬೈದಿದ್ದೂ ಹಂಗಾ ಅಂದ್ಕೊಂಡಿದ್ದೆ. ಇನ್ನೊಂದು ವಾರ ಬಿಟ್ಟು ನಾನಾ ಎದ್ದು ಸಂತಿಗೆ ಹೋಗ್ತಿದ್ದೆ."

ಅವಳು ಏನೋ ಹೇಳಲು ಹೋದಳು. ಅವನು ಕೈ ಎತ್ತಿ ತಡೆದ.

"ಹುಡುಗ್ರ ಕೈಯಾಗ ಆಟದ ಸಾಮಾನು ಕೊಟ್ಟು ಆಡಸ್ತಾರಲ್ಲ, ಹಂಗ ನನ್ನ ಆಡಿಸಿದಿ. ಯಾರೋ ಹೊರಗಿನ ಹೆಣಮಗಳು ಖರೇ ಹೇಳಿದ್ಲು, ನನ್ನ ಮಗಳು ಹೇಳಲಿಲ್ಲ. ಇರಲಿ. ಒಂದು ಮಾತು ಹೇಳು. ತಿಂಗಳತನಕ ನಾ ಏನ್ ಹೇಳಿದ್ರೂ ಹೂಂ ಯಪ್ಪಾ, ಹೂಂ ಯಪ್ಪಾ ಅಂದ್ರಿ. ಅದರಾಗ ಖರೇದು ಎಷ್ಟು?"

ಉಮಾದೇವಿಗೆ ಒಗ್ಗರಣೆ ನೆನಪಾಯಿತು, ಸೈಕಲ್ಲು ನೆನಪಾಯಿತು. ಒಂದೂ ಇಲ್ಲ ಎಂದು ಯಾವ ಬಾಯಿಂದ ಹೇಳುವುದು? ಅಪ್ಪನ ಎದೆಯ ಭಾರ ಇಳಿಸಲು ಬಂದವಳು ತನ್ನ ಭಾರ ಇಳಿಸಿಕೊಂಡು ಅವನ ತಲೆಯ ಮೇಲಿಟ್ಟಿದ್ದಳು.

ಅಷ್ಟರಲ್ಲಿ ತಾಯಪ್ಪ ಬಂದ. ಗದ್ದೆಪ್ಪನ ಪಕ್ಕದ ಮನೆಯವನು, ಅವನನ್ನು ಸಂತೆಗೆ ಕರೆದು ಕರೆದು ಸೋತವನು. ಎರಡೂ ಕಂಕುಳಲ್ಲಿ ಒಂದೊಂದು ಕುರಿಮರಿ ಇದ್ದವು. ಮಗಳು ಬಂದದ್ದು ನೋಡಿ ಮುದುಕನ ಮನಸ್ಸು ಹಗುರಾಗಿರಬಹುದು ಎಂದು ಲೆಕ್ಕ ಹಾಕಿ ಬಂದಿದ್ದ.

"ಸಂತಿಗೆ ಬರಬ್ಯಾಡಣ್ಣ, ಸಂತಿನಾ ನಿನ್ನ ಬಾಗಲಿಗೆ ತಂದೀನಿ" ಎಂದು ನಗುತ್ತ ಎರಡನ್ನೂ ನೆಲಕ್ಕೆ ಬಿಟ್ಟ. "ಒಂದು ಇಟ್ಕೊಳ್ತೀನಿ, ಒಂದು ವಾಪಸ್ ಕೊಡ್ತೀನಿ. ಯಾವುದು ಹೇಳು, ಸಾಕು."

ಗದ್ದೆಪ್ಪ ಹಗ್ಗ ಕೆಳಗಿಟ್ಟ. ಕೈಗಳಿಗೆ ಅವುಗಳದೇ ಅಭ್ಯಾಸ. ಒಂದು ಮರಿಯ ಬೆನ್ನು ಸವರಿದ, ಇನ್ನೊಂದರ ಬೆನ್ನು ಸವರಿದ, ಕೆಳರೆಪ್ಪೆ ಎಳೆದು ನೋಡಿದ. ಕಂದು ಬಣ್ಣದ ಮರಿಯ ಮೇಲೆ ಅವನ ಕೈ ನಿಂತಿತು. ಇದು ಅನ್ನಲು ಬಾಯಿ ತೆರೆದವನು ಅನ್ನಲಿಲ್ಲ. ಮರಿಯನ್ನು ಬಿಟ್ಟು ಮಗಳ ಮುಖ ನೋಡಿದ. ಅವಳ ಕಣ್ಣು, ಹುಬ್ಬು, ತುಟಿ, ಒಂದೊಂದನ್ನೇ ನೋಡಿದ.

"ಇದು ಅಂತೀನಿ ನಾ" ಅಂದ. "ಹೌದೇನವ್ವಾ?"

"ಯಪ್ಪಾ, ನನಗ ಮರಿ ಗೊತ್ತಾಗಂಗಿಲ್ಲ. ದೇವರಾಣಿ, ಏನೂ ಗೊತ್ತಿಲ್ಲ. ನೀ ಹೇಳಿದ್ದಾ ಖರೆ."

ಅವಳು ಹೇಳಿದ್ದು ನಿಜವಾಗಿತ್ತು. ಗದ್ದೆಪ್ಪ ಇನ್ನೂ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡುತ್ತಿದ್ದ. ಆಮೇಲೆ ಮರಿಯ ಮೇಲಿನ ಕೈ ತೆಗೆದ.

"ಬ್ಯಾರೆ ಯಾರಿಗರ ತೋರಸು ತಾಯಪ್ಪಾ" ಅಂದ. "ನನಗ ಗೊತ್ತಾಗವಲ್ದು."